ಕಂಚಿನ ಹಗ್ಗವೂ ಮೇಷ್ಟರ ಹೊದಿಕೆಯೂ

ಉದ್ಯಾನ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನಮ್ಮ ಬೀದಿಯ ಬಟ್ಟೆ ಒಗೆಯುವವರ ಗೌರವಾರ್ಥ ನೀವು ಕಟ್ಟಿಸಿದ ಪುಟ್ಟ ಉದ್ಯಾನದಲ್ಲಿ, ಬಟ್ಟೆ ಒಣಹಾಕಿದಳೆಂದು ನಿಮ್ಮ ಕಾವಲುಗಾರ ನನ್ನ ಅಮ್ಮನ ಕೈಯಿಂದ ಹೊದಿಕೆಯೊಂದನ್ನು ಕಿತ್ತುಕೊಂಡು ಹೋಗಿದ್ದಾನೆ. ಇವತ್ತಿಗೆ ಹನ್ನೊಂದು ದಿನ. ಮೂರು ಅರ್ಜಿ ಕೊಟ್ಟೆ. ಮೂರಕ್ಕೂ "ಪರಿಶೀಲನೆಯಲ್ಲಿದೆ" ಎಂದಿರಿ. ಹೊದಿಕೆಗೆ ಇರುವುದು ಎರಡೇ ಮಗ್ಗುಲು, ಪರಿಶೀಲಿಸಲು ಇನ್ನೆಷ್ಟು ದಿನ ಬೇಕು ಸ್ವಾಮಿ?

ಉದ್ಯಾನ ಚೆಂದವಿಲ್ಲ ಎನ್ನುವುದಿಲ್ಲ. ಮೂರು ತಲೆಮಾರು ನಾವು ಬಟ್ಟೆ ಒಣಹಾಕಿದ ಬಯಲಿನಲ್ಲಿ ಈಗ ಕಂಚಿನ ಕಂಬ, ಕಂಚಿನ ಹಗ್ಗ, ಅದರ ಮೇಲೆ ಕಂಚಿನವೇ ಎರಡು ಅಂಗಿ. ಕೆಳಗೆ ಫಲಕ: 'ಇಲ್ಲಿ ಬಟ್ಟೆ ಒಣಹಾಕಬಾರದು.' ಕಲ್ಲುಗೋಡೆಯಲ್ಲಿ ಕೆತ್ತಿಸಿದ ಚುಕ್ಕೆ, ಗೀಟುಗಳಿಗೆ 'ಏಷ್ಯಾದ ಪುರಾತನ ಮಂಗಳ ಚಿಹ್ನೆಗಳು' ಎಂಬ ಹೆಸರು. ಉದ್ಘಾಟನೆಯ ದಿನ ಅಮ್ಮ ಅದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಅಯ್ಯೋ, ಇವು ನಾನು ಕಾಲರಿಗೆ ಹಾಕ್ತಿದ್ದ ದಾರದ ಗುರುತು ಕಣೇ! ಮೂರು ಚುಕ್ಕೆ ಅಂದ್ರೆ ಡೊಳ್ಳುಹೊಟ್ಟೆ ಡಾಕ್ಟ್ರು. ಅಡ್ಡಗೀಟು ಅಂದ್ರೆ ಜೇಬಲ್ಲಿ ಕರ್ಚೀಫ್ ಮರೆಯೋ ವಕೀಲ್ರು." ಓದು ಬಾರದ ಅಮ್ಮ ಗಿರಾಕಿಗಳನ್ನು ನೆನಪಿಟ್ಟುಕೊಂಡಿದ್ದು ಹಾಗೆ. ನಿಮ್ಮ ತಜ್ಞರು ಮ್ಯೂಸಿಯಮ್ಮಿನಲ್ಲಿ ಹಳೇ ಅಂಗಿಯ ಕಾಲರಲ್ಲಿ ಈ ಗುರುತು ನೋಡಿ ಬಂದರಂತೆ. ಎದುರಿಗೇ ಲಾಂಡ್ರಿಯಲ್ಲಿ ಕೂತವಳನ್ನು ಒಂದು ಮಾತು ಕೇಳಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು.

ಅದಕ್ಕೆ ನಕ್ಕು ಸುಮ್ಮನಾಗಿದ್ದೆವು. ಆದರೆ ಈ ಹೊದಿಕೆ ನಮ್ಮ ಹಳೇ ಗಿರಾಕಿ ಮೇಷ್ಟರದ್ದು, ತೀರಿಹೋದ ಅವರ ಹೆಂಡತಿ ಕೈಯಾರೆ ಹೊಲಿದದ್ದು. ನಮ್ಮ ಹಿತ್ತಲಿಗೆ ಬಿಸಿಲು ಬೀಳುವುದಿಲ್ಲ. ದಪ್ಪ ಬಟ್ಟೆ, ಮುಗ್ಗಲು ಹಿಡಿದೀತೆಂದು ಅಮ್ಮ ನಿಮ್ಮ ಹಗ್ಗಕ್ಕೆ ಹಾಕಿದಳು. ಐವತ್ತು ವರ್ಷ ಇದೇ ಕೆಲಸ ಮಾಡಿದ ಕೈ, ಹಗ್ಗ ಕಂಡರೆ ಇನ್ನೇನು ಮಾಡುತ್ತದೆ?

ಆ ಐವತ್ತು ವರ್ಷದಲ್ಲಿ ಅಮ್ಮ ಒಂದು ಕರ್ಚೀಫನ್ನೂ ಕಳೆದವಳಲ್ಲ. ಮೊನ್ನೆ ಮೇಷ್ಟರು ಬಂದಾಗ ಇಸ್ತ್ರಿ ಮೇಜಿನ ಹಿಂದೆ ಅವಿತು ಕೂತಳು. ನಾನೇ ಹೇಳಬೇಕಾಯಿತು. ಅವರು "ಪರವಾಗಿಲ್ಲಮ್ಮ" ಎಂದರು. ಆದರೆ ಹೊದಿಕೆಗೆಂದು ತಂದಿದ್ದ ಚೀಲವನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಎರಡೂ ಇನ್ನೂ ಇಳಿದಿಲ್ಲ.

ಹೊದಿಕೆ ಕೊಡಿ. ನಾನು ಬಂದು ಒಯ್ಯುವುದಿಲ್ಲ. ನೀವೇ ತಂದು ಅಮ್ಮನ ಕೈಗೆ ಕೊಡಬೇಕು. ವಾರಕ್ಕೆರಡು ದಿನ ಆ ಬಯಲಲ್ಲಿ ನಿಜವಾದ ಹಗ್ಗ ಕಟ್ಟಲು ಬಿಡಬೇಕು. ಬೇಗ ಮಾಡಿ. ಹೊದಿಕೆ ಹೋದ ದಿನದಿಂದ ಅಮ್ಮ ಯಾರ ಬಟ್ಟೆಯನ್ನೂ ಮುಟ್ಟಿಲ್ಲ. ಗಿರಾಕಿ ಬಂದರೆ, "ಬೇರೆ ಕಡೆ ಕೊಡಿ, ನಾನು ಕಳೆದುಬಿಡ್ತೀನಿ" ಅನ್ನುತ್ತಾಳೆ.

ಇಂತಿ,
ನೀವು ಮಾಡಿದ ಗೌರವ ತಾಳಲಾರದ,
ಲಾಂಡ್ರಿಯವಳ ಮಗಳು