ಆಯಿ ಬರೆಸಿದ ಇನ್ನೂರು ಪುಟ

ಹಬ್ಬುವಾಡ, ಕಾರವಾರ
೧೬ ಫೆಬ್ರುವರಿ ೨೦೨೫

ಪ್ರೀತಿಯ ಭಾರತಿ,

ನೀನೂ ಮನೆಯವರೂ ಆರಾಮಿದ್ದೀರಿ ಎಂದುಕೊಳ್ಳುತ್ತೇನೆ. ಮಲ್ಲಾಪುರದ ನಿಮ್ಮ ಕ್ವಾರ್ಟರ್ಸಿನ ಹೆಂಗಸರ ಓದಿನ ಗುಂಪಿಗೆ ನಾಲ್ಕು ಒಳ್ಳೆಯ ಆತ್ಮಕಥೆ ಹೇಳು ಎಂದು ನೀನು ಕೇಳಿ ಎರಡು ತಿಂಗಳಾಯಿತು. ಆಮೇಲೆ ಫೋನ್ ಮಾಡಿದಾಗಲೂ ನಾನು ಎತ್ತಲಿಲ್ಲ. ಸಿಟ್ಟಾಗಬೇಡ. ಇಪ್ಪತ್ತೆಂಟು ವರ್ಷದಿಂದ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿರುವವಳಿಗೆ ಇದೇನು ಮಹಾ ಕೆಲಸ ಎಂದು ನನಗೂ ಅನ್ನಿಸಿತ್ತು, ಡಿಸೆಂಬರಿನ ಆ ಭಾನುವಾರದ ತನಕ.

ಅಂದು ಅಂಕೋಲೆಯ ಓದುಗರ ಬಳಗವೊಂದರಲ್ಲಿ ಆತ್ಮಕಥೆಗಳ ಬಗ್ಗೆ ನನ್ನ ಭಾಷಣವಿತ್ತು. ಮಗಳ ಭಾಷಣ ಕೇಳಲು ಆಯಿಯೂ ಬಂದಿದ್ದಳು. ಮಂಡಿನೋವಿನಲ್ಲೂ ನಡೆದುಕೊಂಡೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಸೂಲಗಿತ್ತಿಯೊಬ್ಬಳು, ಜೈಲಿನಲ್ಲಿದ್ದು ಬಂದವನೊಬ್ಬ, ನಾಟಕ ಕಂಪನಿಯ ನಟಿಯೊಬ್ಬಳು ಬರೆದ ಪುಸ್ತಕಗಳ ಬಗ್ಗೆ ಮಾತಾಡಿದೆ. ಕೊನೆಗೆ ನಿವೃತ್ತ ಮಾಸ್ತರರೊಬ್ಬರು ಎದ್ದು, "ಅಕ್ಕೋರೆ, ನಮ್ಮ ಬದಿಯ ಮೀನು ಮಾರೋ ಹೆಂಗಸರು ಯಾರೂ ಬರೀಲಿಲ್ವಾ?" ಎಂದು ಕೇಳಿದರು.

"ನಮ್ಮವರಿಗೆ ಬಾಯಿ ಇದೆ, ಬರೆಯುವ ಕೈ ಇಲ್ಲ" ಎಂದೆ. ಎಲ್ಲರೂ ನಕ್ಕರು.

ಆಟೋದಲ್ಲಿ ಅವಳ ಮನೆಗೆ ಹೋಗುವಾಗ ಆಯಿ ಹೊರಗೆ ನೋಡುತ್ತಲೇ ಕೇಳಿದಳು: "ನಾ ಕೊಟ್ಟ ಬುಕ್ಕು ನೀ ಓದ್ಲೇ ಇಲ್ಲ ಅಲಾ, ಮಗಾ?"

ಲಾಕ್‌ಡೌನಿನಲ್ಲಿ ಮೀನುಪೇಟೆ ಮುಚ್ಚಿ ಮೀನು ಮಾರುವುದು ನಿಂತಾಗ ಅವಳು ಪಕ್ಕದ ಮನೆಯ ಪೂರ್ಣಿಮಾಳನ್ನು ಕೂರಿಸಿಕೊಂಡು ತನ್ನ ಬದುಕನ್ನೆಲ್ಲ ಹೇಳಿ ಬರೆಸಿದ್ದಳು. ಇನ್ನೂರು ಪುಟದ ನೋಟ್‌ಬುಕ್. "ನೀ ಓದ್ದೋಳು, ಚೊಲೊ ಬಂದಿದ್ಯಾ ನೋಡು" ಎಂದು ನನ್ನ ಕೈಗಿಟ್ಟಿದ್ದಳು. ನಾನು ಅದನ್ನು ಕಪಾಟಿನಲ್ಲಿ ಸೀರೆಗಳ ಅಡಿಗೆ ತಳ್ಳಿದೆ. ತಿಂಗಳು ಬಿಟ್ಟು ಕೇಳಿದಾಗ "ಚೊಲೊ ಇದೆ ಆಯಿ" ಎಂದೆ. ಒಂದು ಪುಟವನ್ನೂ ತೆರೆದಿರಲಿಲ್ಲ. ಮೀನಿನ ಬುಟ್ಟಿಯ ವಿಷಯ, ಅದರಲ್ಲಿ ನನಗೆ ಗೊತ್ತಿಲ್ಲದ್ದು ಏನಿದ್ದೀತು ಎಂಬ ಧಿಮಾಕು.

ಆಟೋದಲ್ಲಿ ಮತ್ತೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲ" ಎಂದೆ.

"ಹೋಗ್ಲಿ. ಪುರುಸೊತ್ತಾದಾಗ ಓದು. ಹುಡ್ಗಿ ಅಕ್ಷರ ಗುಂಡಗಿದೆ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ರಜೆ ಹಾಕಿ ಓದಿದೆ. ಹನ್ನೊಂದನೇ ವಯಸ್ಸಿಗೆ ಬುಟ್ಟಿ ಹೊತ್ತದ್ದು. ಮೀನಿನ ನೀರು ಸೋರುತ್ತದೆಂದು ಕಂಡಕ್ಟರ್ ಬಾಳೆಗುಳಿಯಲ್ಲಿ ಇಳಿಸಿದಾಗ ಉರಿಬಿಸಿಲಲ್ಲಿ ಪೇಟೆಯವರೆಗೆ ನಡೆದದ್ದು. ನಮ್ಮಪ್ಪನ ದೋಣಿ ಎರಡು ದಿನ ಬಾರದಿದ್ದಾಗ ಅವನ ಪಾಲಿನ ಅಕ್ಕಿಯನ್ನೂ ಹಾಕಿ ಬೇಯಿಸಿದ್ದು. ಅನ್ನ ಉಳಿದರೆ ಮಕ್ಕಳಿಗೆ ಸಂಶಯ ಬರುತ್ತದೆಂದು ಅದನ್ನು ತಾನೇ ಉಂಡದ್ದು. ಆ ಎರಡು ದಿನ ನನಗೆ ನೆನಪಿದೆ, ಭಾರತಿ. ಆಯಿಗೆ ಇಷ್ಟು ಹಸಿವು ಹೇಗೆ ಎಂದು ನಾವು ನಕ್ಕಿದ್ದೆವು.

ಮುಂದಿನ ಭಾನುವಾರ ಅಂಕೋಲೆಗೆ ಹೋದೆ. ಆಯಿ ಅಂಗಳದಲ್ಲಿ ಬಂಗುಡೆ ಮೀನು ಹೆಚ್ಚುತ್ತಿದ್ದಳು. "ಓದಿದೆ, ತಪ್ಪಾಯ್ತು ಆಯಿ" ಎನ್ನುವಷ್ಟರಲ್ಲಿ ಅಳು ಬಂತು. "ಅದ್ಕೆಂತಕ್ಕೆ ಅಳ್ತೆ? ಊಟ ಮಾಡ್ಕಂಡೇ ಹೋಗು" ಎಂದಳು.

ಅದಕ್ಕೇ ನಿನ್ನ ಗುಂಪು ಮೊದಲು ಓದಬೇಕಾದದ್ದು ಇದನ್ನೇ. ಆಯಿಯನ್ನು ಕೇಳಿಯೇ ಜೆರಾಕ್ಸ್ ಮಾಡಿಸಿ ಕಳಿಸುತ್ತಿದ್ದೇನೆ. ಉಳಿದ ಮೂರರ ಹೆಸರು ಬೇರೆ ಚೀಟಿಯಲ್ಲಿದೆ. ಮಾತಾಡಲು ನನ್ನನ್ನು ಕರೆಯಬೇಡ, ಅವಳನ್ನು ಕರೆ. ಕಾರಿನಲ್ಲಿ ಮುಂದಿನ ಸೀಟು ಕೊಡಿ, ಮಂಡಿ ಮಡಚಲು ಆಗುವುದಿಲ್ಲ.

ನಿನ್ನ ಮಗಳ ಪರೀಕ್ಷೆ ಸಲೀಸಾಗಿ ಮುಗಿಯಲಿ. ನಿಮ್ಮೆಲ್ಲರನ್ನೂ ದೇವರು ತಂಪಾಗಿ ಇಟ್ಟಿರಲಿ.

ನಿನ್ನ
ವಿನುತಾ

ತಾ.ಕ.: ಅರವತ್ತೊಂದನೇ ಪುಟದ ಬಗ್ಗೆ ನಾನೇ ಮೊದಲು ಹೇಳಿಬಿಡುತ್ತೇನೆ. ಅಲ್ಲಿ ಆಯಿಯ ಮಾತು ಹೀಗಿದೆ: "ವಿನು ಕಾಲೇಜಿನ ಗೆಳತಿ ಸಂಗಡ ಮೀನುಪೇಟೆ ಬದಿಗೆ ಬಂದಿತ್ತು. ನಾ ಎರಡು ಸಲ ಕೂಗ್ದೆ. ಗದ್ದಲದಲ್ಲಿ ಅದಕ್ಕೆ ಕೇಳ್ಲಿಲ್ಲ, ಪಾಪ." ಆ ಗೆಳತಿ ನೀನು. ಆಯಿಯನ್ನು ಮೊದಲು ನೋಡಿದ್ದು ನನ್ನ ಮದುವೆಯಲ್ಲಿ ಎಂದು ನೀನು ತಿಳಿದಿದ್ದೀಯ. ಹಾಗಲ್ಲ, ಅಂದೇ ನೋಡಿದ್ದೆ. "ಆ ಹೆಂಗ್ಸು ನಿನ್ನೇ ಕರೀತಿದ್ದಾಳಲ್ಲೇ" ಎಂದು ನೀನು ನನ್ನ ತೋಳು ಹಿಡಿದು ನಿಲ್ಲಿಸಿದ್ದೆ. "ಯಾರೋ, ನಂಗೊತ್ತಿಲ್ಲ" ಎಂದು ನಾನು ನಿನ್ನನ್ನು ಎಳೆದುಕೊಂಡು ಹೋದೆ. ಜೆರಾಕ್ಸ್ ಅಂಗಡಿಯಲ್ಲಿ ಆ ಹಾಳೆಯನ್ನು ಬೇರೆ ತೆಗೆದಿಟ್ಟಿದ್ದೆ, ಮತ್ತೆ ಸೇರಿಸಿದೆ. ಆಯಿಗೆ ಇನ್ನೂ ಹೇಳಿಲ್ಲ. ಎರಡೂ ಸಲ ಕೇಳಿಸಿತ್ತು, ಭಾರತಿ.