ಕೋಮಾದಲ್ಲಿ ಕಿರುಬೆರಳು

ಮಾರ್ಚ್ ೧೧, ಮಂಗಳವಾರ

ಧಾರಾವಾಹಿಯಲ್ಲಿ ನಾನು ಕೋಮಾಕ್ಕೆ ಹೋಗಿ ಇಂದಿಗೆ ಇಪ್ಪತ್ತು ಕಂತು. ಎದುರು ಮಾತಾಡಿದ್ದಕ್ಕೆ ನಿರ್ದೇಶಕ ಕೊಟ್ಟ ಬಹುಮಾನ. ಮೂವತ್ತು ವರ್ಷ ನಾಟಕ ಆಡಿದವಳ ಬಾಯಿಗೆ ಬೀಗ ಹಾಕಿದೆನೆಂದು ಬೀಗುತ್ತಿದ್ದಾನೆ.

"ಅಮ್ಮಾ, ನೀವು ಸುಮ್ನೆ ಉಸಿರಾಡಿದ್ರೆ ಸಾಕು" ಎಂದು ಇವತ್ತೂ ಹಲ್ಲು ಕಿರಿದ. ಉಸಿರಾಡಿದೆ. ಸೊಸೆ ಪಾತ್ರದ ಹುಡುಗಿ ನನ್ನ ಕೈ ಹಿಡಿದು ಅಳುವಾಗ ಕಿರುಬೆರಳನ್ನು ಒಂದೇ ಒಂದು ಸಲ ಆಡಿಸಿದೆ. ಅವಳು ನಿಜಕ್ಕೂ ಬೆಚ್ಚಿಬಿದ್ದು "ಅತ್ತೆ!" ಎಂದು ಚೀರಿ, ಗೊಳೋ ಎಂದು ಅತ್ತಳು.

"ಬೆರಳಾಡ್ಸಿ ಅಂತ ಯಾರು ಹೇಳಿದ್ರು?" ನಿರ್ದೇಶಕ ಕೂಗಾಡಿದ.

"ಪಾತ್ರಕ್ಕೆ ಎಚ್ಚರ ಆಯ್ತು ಸಾರ್, ನಾನೇನ್ ಮಾಡ್ಲಿ?" ಎಂದೆ.

ಮತ್ತೆ ಹತ್ತು ಸಲ ತೆಗೆದರೂ ಅವಳಿಗೆ ಆ ಅಳು ಬರಲಿಲ್ಲ. ಕೊನೆಗೆ ನನ್ನ ಬೆರಳಾಡಿದ ಶಾಟನ್ನೇ ಇಟ್ಟುಕೊಂಡ.

ನಾಳೆ ಎಡಗಣ್ಣಿನ ಸರದಿ. ಆಮೇಲೆ ಬಾಯಿ ತೆರೆದೆನೆಂದರೆ, ಬೀಗದ ಕೈ ಯಾರ ಹತ್ತಿರ ಇದೆಯೆಂದು ಅವನಿಗೇ ಗೊತ್ತಾಗುತ್ತದೆ.