ನೀನಿಲ್ಲದ ಮೂರನೇ ಮಹಡಿ

ಬುಡಾಪೆಸ್ಟ್, ನವೆಂಬರ್

ಪ್ರೀತಿಯ ಎಟೆಲ್ಕಾ,

ನೀನು ತೀರಿಕೊಂಡು ಎರಡು ವರ್ಷವಾದ ಮೇಲೆ ಈ ಕಾಗದ. ಬದುಕಿದ್ದಾಗ ಗೋಡೆಯಾಚೆಗೇ ಇದ್ದೆ, ಬರೆಯುವ ಅಗತ್ಯವಿರಲಿಲ್ಲ. ಹೇಳಬೇಕಾದ್ದನ್ನು ಮಾತ್ರ ಹೇಳಲೇ ಇಲ್ಲ.

ಅಂಗಳದ ಸುತ್ತಲಿನ ಇಪ್ಪತ್ತೆಂಟು ಮನೆಗಳಲ್ಲಿ ಈಗ ಒಲೆ ಹಚ್ಚಿ ಬಾಳುತ್ತಿರುವವಳು ನಾನೊಬ್ಬಳೇ. ಹಳೆಯ ಸರ್ಕಾರ ಬಿದ್ದು, ಬಾಡಿಗೆ ಮನೆಗಳು ನಮ್ಮ ಸ್ವಂತವಾದ ದಿನ ನೀನು ಕುಣಿದಿದ್ದೆ: "ರೋಜಾಲಿಯಾ, ಇನ್ನು ನಮ್ಮನ್ನ ಯಾರೂ ಎಬ್ಬಿಸೋಕಾಗಲ್ಲ ಕಣೇ!"

ಎಬ್ಬಿಸಿದ್ದು ನಾನು.

ಆ ಸಭೆ ನೆನಪಿದೆಯಲ್ಲ? ಮನೆಗಳನ್ನು ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡಬಹುದೇ ಎಂದು ಎಲ್ಲರೂ ಮೆಟ್ಟಿಲ ಬಳಿ ಸೇರಿ ಕೈ ಎತ್ತಿ ಮತ ಹಾಕಿದ ಸಂಜೆ. "ನೀನಿದ್ದೀಯಲ್ಲ, ನಂಗೇನು ಭಯ" ಎನ್ನುತ್ತಾ ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ಒಪ್ಪಿದರೆ ಲಿಫ್ಟ್ ಹಾಕಿಸುತ್ತೇವೆ ಎಂದು ಪ್ರವಾಸಿಗರ ಪರವಾಗಿದ್ದವರು ಹೇಳಿದ್ದರು. ನನ್ನ ಮಂಡಿಗೆ ಮೂರು ಮಹಡಿ ಹತ್ತುವ ಶಕ್ತಿ ಉಳಿದಿರಲಿಲ್ಲ. ಒಂದೇ ಕೈ ಹೆಚ್ಚಾಗಿ ಅವರು ಗೆದ್ದರು; ಆ ಕೈ ನನ್ನದು. ನೀನು ಬಯ್ಯಲಿಲ್ಲ. "ಮಂಡಿ ಅಷ್ಟು ನೋಯ್ತಿತ್ತಾ?" ಎಂದಷ್ಟೇ ಕೇಳಿದೆ.

ಆಮೇಲೆ ನಿನ್ನ ತಲೆಯ ಮೇಲೂ ಕಾಲ ಕೆಳಗೂ ಅಪರಿಚಿತರ ಕುಣಿತ, ಕೂಗಾಟ. ಆರೇ ತಿಂಗಳಲ್ಲಿ ನೀನು ಸೋತು, ಊರಾಚೆಯ ಕಾಂಕ್ರೀಟು ಕಟ್ಟಡದಲ್ಲಿದ್ದ ತಂಗಿಯ ಮನೆಗೆ ಹೋದೆ. ಹಿಮ ಕರಗುವ ಮೊದಲೇ ಸುದ್ದಿ ಬಂತು.

ಮೊನ್ನೆ ಮಧ್ಯಾಹ್ನ ಗೋಡೆಯಾಚೆ ನಿನ್ನ ಕೆಮ್ಮು ಕೇಳಿಸಿತು. ಎರಡು ಸಲ ಕೆಮ್ಮಿ, ತಡೆದು, ಮೂರನೆಯದು. ಅಲ್ಲವೆಂದು ಬುದ್ಧಿ ಹೇಳುತ್ತಿದ್ದರೂ ಶಾಜೀರಿಗೆ ಸೂಪು ಕಾಯಿಸಿ, ಬಟ್ಟಲು ಹಿಡಿದು ನಿನ್ನ ಬಾಗಿಲು ತಟ್ಟಿದೆ. ಜ್ವರದಲ್ಲಿ ಕೆಂಪಾಗಿದ್ದ ವಿದೇಶಿ ಹುಡುಗಿಯೊಬ್ಬಳು ತೆಗೆದಳು. ಅವಳ ಮಾತನ್ನು ಫೋನು ನಮ್ಮ ಭಾಷೆಯಲ್ಲಿ ಉಲಿಯಿತು: "ನೀವು ಕ್ಲೀನಿಂಗಿನವರಾ?"

ಪಕ್ಕದ ಮನೆಯವಳು ಎಂದೆ. ಅವಳು ಬೆರಗಾದಳು. "ಓ, ಇಲ್ಲಿ ಜನ ವಾಸಾನೂ ಮಾಡ್ತಾರಾ?"

ಸೂಪು ಕುಡಿಯುತ್ತಾ, ಈ ಮನೆಯಲ್ಲಿ ಮೊದಲು ಯಾರಿದ್ದರು ಎಂದು ಕೇಳಿದಳು. ಗೊತ್ತಿಲ್ಲ ಎಂದುಬಿಟ್ಟೆ, ಎಟೆಲ್ಕಾ. ಎರಡನೇ ಸಲವೂ ನಿನ್ನನ್ನು ಹೊರಗೆ ಹಾಕಿದವಳು ನಾನೇ.

ಹುಡುಗಿ ನಿನ್ನೆ ಹೊರಟುಹೋದಳು. ಮನೆ ಖಾಲಿ. ಕೆಮ್ಮು ಮಾತ್ರ ನಿಂತಿಲ್ಲ.

ಈ ಕಾಗದವನ್ನು ನಿನ್ನ ಬಾಗಿಲ ಸಂದಿಯಲ್ಲಿ ತಳ್ಳುತ್ತೇನೆ. ನಾಳೆ ಬರುವವರು ಯಾರಿಂದಲಾದರೂ ಓದಿಸಿಕೊಳ್ಳಲಿ: ಇಲ್ಲಿ ಎಟೆಲ್ಕಾ ಎಂಬುವಳು ನಲವತ್ತೊಂದು ವರ್ಷ ಇದ್ದಳು.

ನೀನಿರುವಲ್ಲಿ ನನಗಿಂತ ಒಳ್ಳೆಯ ನೆರೆಯವರು ಸಿಗಲಿ.

ಗೋಡೆಯ ಈಚೆಯಿಂದ,
ರೋಜಾಲಿಯಾ